ತೊಳೆದ ತುಂಡು, ತೊಳೆಯದ ತುಂಡು

ಬೆಳಗಿನ ಐದೂವರೆ. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಇನ್ನೂ ಅರ್ಧ ಮನೆಗಳು ಸುಮ್ಮನಿವೆ. ಬೀದಿಯ ಕೊನೆಯ ಹೆಂಚಿನ ಮನೆಯ ಹಿತ್ತಲಲ್ಲಿ ಅಖ್ತರ್ ಬೇಗಂ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯಗಲದ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಸೋಪಿನ ನೀರಿನಲ್ಲಿ ಅದ್ದುತ್ತಾರೆ. ಹಿಂಡುತ್ತಾರೆ. ಬಿಳಿ ಕಾಗದದ ಮೇಲಿಟ್ಟು ಅಂಗೈಯಿಂದ ಒತ್ತುತ್ತಾರೆ. ಕಾಗದಕ್ಕೆ ಬಣ್ಣ ಹತ್ತಿತೇ ಎಂದು ಆಕಾಶಕ್ಕೆ ಹಿಡಿದು ನೋಡುತ್ತಾರೆ. ಹತ್ತದಿದ್ದರೆ ತುಂಡು ಹಗ್ಗಕ್ಕೆ, ಹತ್ತಿದರೆ ಪಕ್ಕದ ಬಕೆಟ್ಟಿಗೆ.

“ಅಕ್ಕಾ, ಈ ಹಸಿರು ಬಣ್ಣ ಬಿಡ್ತೈತೆ!”

ಒಳಗೆ ಟೈಪ್‌ರೈಟರ್ ನಿಲ್ಲುತ್ತದೆ. “ಯಾರ್ದು?”

“ಬೈಲಪ್ಪನೋರ್ದು.”

“ಹಂಗಾದ್ರೆ ಅವ್ರಿಗೆ ಹೇಳೋ ಭಾಗ್ಯ ನಿಂದೇ ಕಣೇ. ಹೋದ ಸಲದ್ದು ನನಗಿನ್ನೂ ಕಿವಿಯಾಗೈತೆ.”

ಇಬ್ಬರೂ ನಗುತ್ತಾರೆ. ಆದರೆ ಈ ಗುರುವಾರ ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಬರುವ ಭಾನುವಾರ ಊರಿನ ನಲವತ್ತೆರಡು ಮಗ್ಗದ ಮಾಲೀಕರು ಸಭೆ ಸೇರುತ್ತಾರೆ. ಈ ಇಬ್ಬರ ಕೈಯಲ್ಲಿರುವ ಕೆಲಸವನ್ನು ಇಲ್ಲೇ ಬಿಡುವುದೋ, ಬೆಂಗಳೂರಿನ ದೊಡ್ಡ ಪ್ರಚಾರ ಕಂಪನಿಯೊಂದಕ್ಕೆ ಒಪ್ಪಿಸುವುದೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.

ಬಾಗಿಲ ಮೇಲೆ ‘ಅನುಸೂಯ–ಅಖ್ತರ್ ಪ್ರಚಾರ ಮತ್ತು ಸಂಪರ್ಕ ಕಚೇರಿ’ ಎಂಬ ಹಲಗೆಯಿದೆ. ಊರಿನವರ ಬಾಯಲ್ಲಿ ಇದು ‘ಹೆಂಗಸರ ಕಾಗದದಂಗಡಿ’. ಒಂದು ಇಂಗ್ಲಿಷ್ ಟೈಪ್‌ರೈಟರ್, ಪ್ರತಿ ತೆಗೆಯುವ ಒಂದು ಸೈಕ್ಲೋಸ್ಟೈಲ್ ಯಂತ್ರ, ಗೋಡೆಗೆ ರೈಲಿನ ವೇಳಾಪಟ್ಟಿ, ನಾಲ್ಕು ಸ್ಟೂಲು. ಇವರ ಗಿರಾಕಿಗಳು ಸೀರೆ ಉಡುವವರಲ್ಲ, ಅಂಗಡಿಯಲ್ಲಿ ಸೀರೆ ಮಾರುವವರೂ ಅಲ್ಲ. ಕಾರ್ಖಾನೆಗೆ ಬೇಕಾದುದನ್ನು ತಯಾರಿಸುವ ಕಾರ್ಖಾನೆಗಳು. ಕೋಟಿನ ಒಳಗೆ ಕೂರುವ ಲೈನಿಂಗ್ ಬಟ್ಟೆ ನೇಯುವವರು, ನೂಲಿಗೆ ಬಣ್ಣ ಹಾಕುವವರು, ಮಗ್ಗದ ಬಿಡಿಭಾಗ ಎರಕ ಹೊಯ್ಯುವವರು. ಮದರಾಸು, ಕೊಯಮತ್ತೂರು, ಬೊಂಬಾಯಿಗಳಲ್ಲಿ ಕೂತ ದೊಡ್ಡ ಕಾರ್ಖಾನೆಗಳಿಗೆ ಇಂಥವರು ಇದ್ದಾರೆ, ಇವರ ಮಾಲು ನಂಬಬಹುದು ಎಂದು ತಿಳಿಯುವಂತೆ ಮಾಡುವುದೇ ಇಲ್ಲಿನ ಕೆಲಸ.

ಅನುಸೂಯಮ್ಮನವರಿಗೆ ನಲವತ್ತೊಂದು. ಮಾಕಳಿದುರ್ಗದ ಕೆಳಗಿನ ಹಳ್ಳಿಯಿಂದ ರೈಲಿನಲ್ಲಿ ಬಂದು ಓದಿದವರು. ಟೈಪಿಂಗ್ ಹೈಯರ್ ಪರೀಕ್ಷೆ ಪಾಸು ಮಾಡಿ, ಒಬ್ಬ ನೂಲಿನ ವರ್ತಕರ ಬಳಿ ಎಂಟು ವರ್ಷ ಕಾಗದ ಬರೆದರು. ಪತಿ ನರಸಿಂಹಯ್ಯ ಮಗ್ಗ ರಿಪೇರಿಯವರು. ಅಖ್ತರ್ ಬೇಗಂ ಅನುಸೂಯಮ್ಮನವರಿಗಿಂತ ಐದು ವರ್ಷ ಚಿಕ್ಕವರು. ತಂದೆ ಶಫೀವುಲ್ಲಾ ಅದೇ ವರ್ತಕರ ಬಣ್ಣದ ಹಂಡೆಯ ಮುಂದೆ ಮೂವತ್ತು ವರ್ಷ ನಿಂತವರು. ಬಣ್ಣದ ಜ್ಞಾನ ಮಗಳಿಗೆ ಅಲ್ಲಿಂದ ಬಂತು. ಬೊಂಬಾಯಿಯ ಸೇಟುಗಳ ಜೊತೆ ಟ್ರಂಕ್ ಕಾಲ್‌ನಲ್ಲಿ ಮಾತಾಡಲು ಮನೆಯ ಉರ್ದುವೇ ಸಾಕಾಯಿತು.

“ನೂಲಿನಂಗಡಿಗೆ ಅಬ್ಬಾನ ಬುತ್ತಿ ತಗೊಂಡ್ ಹೋಗ್ತಿದ್ದೆ. ಅಲ್ಲಿ ಅಕ್ಕ ‘ಆಕಾಶನೀಲಿ’ ಅಂತ ಕಾಗದ ಬರೀತಿದ್ರು. ಇದು ಆಕಾಶ ಅಲ್ಲ ಅಕ್ಕಾ, ನವಿಲಿನ ಕತ್ತು ಅಂದೆ. ಅವತ್ತಿಂದ ಬಿಡ್ಲೇ ಇಲ್ಲ ನನ್ನ” ಎನ್ನುತ್ತಾರೆ ಅಖ್ತರ್.

1966ರಲ್ಲಿ ಇಬ್ಬರೂ ಈ ಕಚೇರಿ ತೆರೆದಾಗ ಗಿರಾಕಿಗಳು ಮೂವರು. ಈಗ, ಏಳು ವರ್ಷದ ಮೇಲೆ, ಮಗ್ಗದವರು ನಲವತ್ತೆರಡು, ಬೇರೆಯವರು ಒಂಬತ್ತು. ವಾರಕ್ಕೆ ಎಪ್ಪತ್ತರಿಂದ ಎಂಬತ್ತು ಕಾಗದ ಹೋಗುತ್ತವೆ. ತಿಂಗಳಿಗೆ ಇನ್ನೂರ ನಲವತ್ತು ಮಾದರಿ ಕಾರ್ಡು, ಅಂದರೆ ಬಟ್ಟೆಯ ತುಂಡು ಅಂಟಿಸಿ, ಪಕ್ಕದಲ್ಲಿ ಅದರ ವಿವರ ಬರೆದ ದಪ್ಪ ರಟ್ಟು. ಅಂಟಿಸುವ ಕೆಲಸ ಸಂಬಳಕ್ಕಿರುವ ಮುನಿಲಕ್ಷ್ಮಮ್ಮನವರದು. ಹೊರಗಿನ ಕಾರ್ಖಾನೆಯವರು ನೋಡಲು ಬಂದರೆ ಸ್ಟೇಷನ್ನಿಗೆ ಹೋಗಿ ಎದುರುಗೊಳ್ಳುವುದು, ಮಗ್ಗದಿಂದ ಮಗ್ಗಕ್ಕೆ ಕರೆದೊಯ್ಯುವುದು, ದೂರು ಬಂದರೆ ಉತ್ತರಿಸುವುದು, ಎಲ್ಲವೂ ಈ ಮೂವರದೇ. ಮೊದಮೊದಲು ಬಂದವರು ಸ್ಟೇಷನ್ನಿನಲ್ಲಿ ಇವರ ಹಿಂದೆ ಗಂಡಸರನ್ನು ಹುಡುಕುತ್ತಿದ್ದರಂತೆ.

“ಒಬ್ರು ಕೇಳೇಬಿಟ್ರು, ಮ್ಯಾನೇಜರ್ ಎಲ್ಲವ್ರೆ ಅಂತ. ಮುಂದೆ ಹೋಗ್ತಾವ್ರೆ ಬನ್ನಿ ಅಂತಂದು ನಾನೇ ಮುಂದೆ ಹೋದೆ” ಎಂದು ಅನುಸೂಯಮ್ಮ ಗಂಭೀರವಾಗಿಯೇ ಹೇಳುತ್ತಾರೆ.

ಈ ಕಚೇರಿಗೆ ತನ್ನದೇ ಒಂದು ಕಟ್ಟಳೆಯಿದೆ. ಕಣ್ಣಾರೆ ಕಾಣದ ಮಾಲಿನ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ, ತೊಳೆದು ನೋಡದ ಬಟ್ಟೆಯನ್ನು ಕಾರ್ಡಿಗೆ ಅಂಟಿಸುವುದಿಲ್ಲ. ಎರಡನೆಯ ವರ್ಷ ಇವರು ಕಳಿಸಿದ ಕೆಂಪು ಬಟ್ಟೆಯೊಂದು ಬೊಂಬಾಯಿಯಲ್ಲಿ ಬಣ್ಣ ಬಿಟ್ಟು ಮಾನ ಕಳೆದಿತ್ತು. ಅಂದಿನಿಂದ ಅಖ್ತರ್ ಎಲ್ಲವನ್ನೂ ತೊಳೆಯುತ್ತಾರೆ, ತೊಳೆದ ಆ ತುಂಡನ್ನೇ ಕಾರ್ಡಿಗೆ ಕೊಡುತ್ತಾರೆ.

ಇಷ್ಟು ವರ್ಷ ಕಾಪಾಡಿದ ಆ ಕಟ್ಟಳೆಯೇ ಈ ಬೇಸಿಗೆಯಲ್ಲಿ ಎಡವಿಸಿತು. ಮಗ್ಗದವರ ಅಧ್ಯಕ್ಷ ಸಂಜೀವಪ್ಪನವರು ಹೊಸದೊಂದು ನೀಲಿಯಲ್ಲಿ ಲೈನಿಂಗ್ ನೇಯಿಸಿದ್ದರು. ಆ ನೀಲಿಯ ಗುಣ ವಿಚಿತ್ರ. ಮೊದಲ ನೀರಿಗೆ ಬಣ್ಣ ಒಂದು ಛಾಯೆ ತಿಳಿಯಾಗುತ್ತದೆ, ಆಮೇಲೆ ಎಷ್ಟು ಒಗೆದರೂ ಕದಲುವುದಿಲ್ಲ, ಕಾಗದಕ್ಕೂ ಹತ್ತುವುದಿಲ್ಲ. ಹಾಗೆ ತಿಳಿಯಾದ ತುಂಡೇ ಅರವತ್ತಮೂರು ಕಾರ್ಡುಗಳ ಮೇಲೆ ಕೂತು ಊರೂರಿಗೆ ಹೋಯಿತು. ಮದರಾಸಿನ ಸಿದ್ಧ ಉಡುಪಿನ ಕಾರ್ಖಾನೆಯೊಂದು ಕಾರ್ಡು ನೋಡಿ ಮೆಚ್ಚಿ, ಹದಿನೆಂಟು ಗಂಟು ತರಿಸಿಕೊಂಡಿತು. ಗಂಟು ಬಿಚ್ಚಿದರೆ ಒಳಗೆ ಗಾಢ ನೀಲಿ. ಕೋಟಿನ ಬಟ್ಟೆಗೆ ಹೊಂದಲಿಲ್ಲ. ಹದಿನೆಂಟೂ ಗೂಡ್ಸ್ ಗಾಡಿಯಲ್ಲಿ ಹಿಂದಕ್ಕೆ ಬಂದವು.

“ಉಡೋರ ತರ ಯೋಚ್ನೆ ಮಾಡಿದ್ವಿ ನಾವು. ಉಡೋರು ಒಗೀತಾರೆ, ಅವ್ರಿಗೆ ಒಗೆದ ಬಣ್ಣಾನೇ ನಿಜ. ಆದ್ರೆ ನಮ್ಮ ಗಿರಾಕಿ ಹೊಲಿಯೋರು. ಹೊಲಿಯೋರು ಯಾಕ್ರೀ ಒಗೀತಾರೆ? ಕಣ್ಣಲ್ಲಿ ನೋಡಿ ಜೋಡಿಸ್ತಾರೆ. ಅಷ್ಟು ಹೊಳೀಲಿಲ್ವಲ್ಲ ನನಗೆ” ಎನ್ನುವಾಗ ಅಖ್ತರ್ ಕೈಯಲ್ಲಿನ ತುಂಡನ್ನು ಅಗತ್ಯಕ್ಕಿಂತ ಜೋರಾಗಿ ಹಿಂಡುತ್ತಾರೆ.

ದಾರಿಯೊಂದಿತ್ತು. ಸಂಜೀವಪ್ಪನವರೇ ಬಂದು ಸೂಚಿಸಿದರು. ಬಣ್ಣದವನ ಕೈತಪ್ಪು ಅಂತ ಬರೆದುಬಿಡಿ, ಮದರಾಸಿನವರು ಒಪ್ಪುತ್ತಾರೆ, ನಮ್ಮವರೂ ಸುಮ್ಮನಾಗುತ್ತಾರೆ ಎಂದು. ಬಣ್ಣದವರಿಗೆ ಇದು ತಿಳಿಯುವ ಸಂಭವವೂ ಇರಲಿಲ್ಲ.

“ಬಣ್ಣ ಸರಿಯಾಗೇ ಹಾಕವ್ನೆ ಅವ್ನು. ಅಣ್ಣಾ, ಬೇರೆ ಏನಾರ ಹೇಳಿ ಬರೀತೀನಿ, ಇದನ್ನ ಬರೆಯಾಕಿಲ್ಲ ಅಂದೆ” ಎನ್ನುತ್ತಾರೆ ಅನುಸೂಯಮ್ಮ. ಅಂದೇ ಅವರು ಮದರಾಸಿಗೆ ಕಾಗದ ಟೈಪು ಮಾಡಿದರು: ಬಟ್ಟೆ ಸರಿಯಾಗಿದೆ, ಬಣ್ಣ ಸರಿಯಾಗಿದೆ, ಕಾರ್ಡು ಮಾಡಿದ ನಾವು ತಪ್ಪಿದೆವು. ಕೆಳಗೆ ಇಬ್ಬರ ರುಜು. ಅಷ್ಟಕ್ಕೇ ಬಿಡಲಿಲ್ಲ. ಅದೇ ಕಾರ್ಡು ಹೋಗಿದ್ದ ಮಿಕ್ಕ ಅರವತ್ತೆರಡು ವಿಳಾಸಕ್ಕೂ ಅದನ್ನೇ ಬರೆದರು.

ಊರು ಕೆಂಡವಾಯಿತು. ಗೊತ್ತಿಲ್ಲದವರಿಗೂ ಹೋಗಿ ಡಂಗುರ ಹೊಡೆದರು ಎಂದು ಬೈದವರೇ ಹೆಚ್ಚು. ಉತ್ತರಗಳು ಬಂದದ್ದು ಕಡಿಮೆ. ಒಂಬತ್ತು ಕಾರ್ಖಾನೆಯವರು ಹೊಸ ಕಾರ್ಡು ಕೇಳಿದ್ದಾರೆ. ಇಬ್ಬರು ಇನ್ನು ಬೇಡ ಎಂದಿದ್ದಾರೆ. ಮಿಕ್ಕವರದ್ದು, ಮದರಾಸಿನದ್ದೂ ಸೇರಿ, ಸದ್ದಿಲ್ಲ. ಹದಿನೆಂಟು ಗಂಟು ಸಂಜೀವಪ್ಪನವರ ಜಗಲಿಯಲ್ಲಿ ಹಾಗೇ ಬಿದ್ದಿವೆ.

ಭಾನುವಾರದ ಸಭೆ ಸಂಜೀವಪ್ಪನವರ ಮಗ್ಗದ ಕೊಟ್ಟಿಗೆಯಲ್ಲೇ ನಡೆಯುತ್ತದೆ. ಮಗ್ಗಗಳು ನಿಂತಿವೆ. ಮಾಲೀಕರೆಲ್ಲ ಚಾಪೆಯ ಮೇಲೆ. ಅನುಸೂಯಮ್ಮ, ಅಖ್ತರ್ ಬಾಗಿಲ ಹತ್ತಿರ. ಬೆಂಗಳೂರಿನ ಕಂಪನಿಯವರು ಕಳಿಸಿದ ಮಿರುಗುವ ಪುಸ್ತಕವೊಂದು ಕೈಯಿಂದ ಕೈಗೆ ಹೋಗುತ್ತಿದೆ.

ಬೈಲಪ್ಪನವರು ಎದ್ದು ನಿಲ್ಲುತ್ತಾರೆ. “ಮನೇಲಿ ಒಗೀತಾರೆ, ಸರಿ. ಆಫೀಸಲ್ಲೂ ಒಗೆಯೋದಾ? ನಮ್ಮ ಬಟ್ಟೆ ಒಗೆದಿದ್ದೂ ಅಲ್ದೆ ನಮ್ಮ ಮರ್ಯಾದೇನೂ ಒಗೆದು ಹಗ್ಗಕ್ಕೆ ಹಾಕ್ಬಿಟ್ರಲ್ರೀ!”

ಎಲ್ಲರೂ ನಗುತ್ತಾರೆ. ನಗು ಅಡಗುವವರೆಗೂ ಅನುಸೂಯಮ್ಮ ಕಾಯುತ್ತಾರೆ. “ಕಾರ್ಡು ತಪ್ಪು ಬೈಲಪ್ಪನೋರೇ. ಒಪ್ಪಿದ್ದೀವಿ. ಈಗ ಹೊಸದು ನೋಡ್ರಿ.”

ಅಖ್ತರ್ ಕಾರ್ಡುಗಳನ್ನು ಹಂಚುತ್ತಾರೆ. ಪ್ರತಿಯೊಂದರಲ್ಲೂ ಎರಡು ತುಂಡು, ಒಂದರ ಪಕ್ಕ ಒಂದು. ಎಡಕ್ಕೆ ಮಗ್ಗದಿಂದ ಇಳಿದ ಹಾಗೆಯೇ ಇರುವುದು, ಬಲಕ್ಕೆ ಮೂರು ಸಲ ತೊಳೆದದ್ದು.

“ಹೊಲಿಯೋರು ಎಡಗಡೇದು ನೋಡ್ಲಿ, ಉಡೋರ ಮಾತು ಬಂದಾಗ ಬಲಗಡೇದು ನೋಡ್ಲಿ. ನಿಮ್ಮ ಬಟ್ಟೆ ಮೂರು ನೀರು ಕಂಡ್ರೂ ಹಿಂಗೇ ಇರ್ತದೆ ಅಂತ ಬೆಂಗಳೂರಿನ ಪುಸ್ತಕದಾಗೆ ಬರ್ದವ್ರಾ?” ಎಂದು ಅಖ್ತರ್ ಕೇಳುತ್ತಾರೆ.

ಯಾರೋ ತಲೆಯಾಡಿಸುತ್ತಾರೆ. ಆದರೆ ಬೈಲಪ್ಪನವರು ಕೂರುವುದಿಲ್ಲ. ಈ ಸಲ ಅವರ ಮಾತಿನಲ್ಲಿ ಹಾಸ್ಯವಿಲ್ಲ.

“ಕಾರ್ಡಿನ ಮಾತು ಬಿಡವ್ವಾ. ಏಳು ವರ್ಷದಿಂದ ನಮ್ಮ ಹೆಸರಲ್ಲಿ ಇಂಗ್ಲೀಷಲ್ಲಿ ಏನೇನೋ ಬರೀತೀರ. ನಾವು ರುಜು ಹಾಕ್ತೀವಿ. ಏನು ಬರ್ದವ್ರೆ ಅಂತ ನಮಗೇನು ಗೊತ್ತು? ಆ ತಪ್ಪೊಪ್ಪಿಗೆ ಕಾಗದಾನೂ ನಮಗೆ ಗೊತ್ತಿಲ್ದೇನೇ ತಾನೇ ಹೋಗಿದ್ದು? ನಮ್ಮನ್ನ ಯಾರಾದ್ರೂ ಕೇಳಿದ್ರಾ?”

ಅನುಸೂಯಮ್ಮ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಾರೆ.

“ಇಲ್ಲ,” ಎನ್ನುತ್ತಾರೆ. “ಕೇಳ್ಬೇಕಾಗಿತ್ತು. ನೀವು ಹೇಳಿದ್ದು ಸರಿ.”

ಸಂಜೀವಪ್ಪನವರು ಕೈ ಎತ್ತಿಸುತ್ತಾರೆ. ಈ ಕಚೇರಿಯ ಪರವಾಗಿ ಇಪ್ಪತ್ತಮೂರು, ಬೆಂಗಳೂರಿನ ಪರವಾಗಿ ಹತ್ತೊಂಬತ್ತು. ಹತ್ತೊಂಬತ್ತು ಜನ ತಾವು ಬೇರೆಯೇ ಹೋಗುವುದಾಗಿ ಹೇಳಿ ಎದ್ದು ಹೊರಡುತ್ತಾರೆ. ಬೈಲಪ್ಪನವರೂ ಅವರಲ್ಲಿದ್ದಾರೆ. ಹೊಸ್ತಿಲ ಬಳಿ ನಿಂತು, “ಕೋಪ ಇಟ್ಕೋಬೇಡವ್ವಾ” ಎನ್ನುತ್ತಾರೆ. “ಕೋಪ ಯಾಕೆ? ನಿಮ್ಮ ಹಸಿರು ಬಣ್ಣ ಬಿಡ್ತೈತೆ, ಅವ್ರಿಗೂ ಹೇಳ್ರಿ” ಎನ್ನುತ್ತಾರೆ ಅಖ್ತರ್. ಬೈಲಪ್ಪನವರು ತಲೆ ಕೆರೆದುಕೊಂಡು ಇಳಿದು ಹೋಗುತ್ತಾರೆ.

ಮುನಿಲಕ್ಷ್ಮಮ್ಮನವರನ್ನು ಈಗ ಅರ್ಧ ದಿನಕ್ಕೆ ಬರಲು ಹೇಳಬೇಕಾಗುತ್ತದೇನೋ ಎಂಬ ಮಾತು ದಾರಿಯಲ್ಲಿ ಬರುತ್ತದೆ. “ಬೇಡ ಅಕ್ಕ,” ಎನ್ನುತ್ತಾರೆ ಅಖ್ತರ್, “ಕಾರ್ಡಿಗೆ ಈಗ ಎರಡೆರಡು ತುಂಡು. ಕೆಲ್ಸ ಎಲ್ಲಿ ಕಮ್ಮಿ ಆಯ್ತು?” ಅಲ್ಲಿಗೆ ಆ ಮಾತು ಮುಗಿಯುತ್ತದೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಜೀವಪ್ಪನವರು ಎಂದಿನಂತೆ ರುಜು ಹಾಕಲು ಬರುತ್ತಾರೆ. ಕೊಯಮತ್ತೂರಿನ ಕಾರ್ಖಾನೆಯೊಂದಕ್ಕೆ ನೀಲಿ ಲೈನಿಂಗಿನ ವಿಚಾರವಾಗಿ ಕಾಗದ ಸಿದ್ಧವಾಗಿದೆ. ಪೆನ್ನಿಗೆ ಕೈ ಹಾಕಿದವರ ಮುಂದೆ ಅನುಸೂಯಮ್ಮ ಇನ್ನೊಂದು ಹಾಳೆ ಇಡುತ್ತಾರೆ. ಅದೇ ಕಾಗದ, ಕನ್ನಡದಲ್ಲಿ, ಅನುಸೂಯಮ್ಮನವರದೇ ಕೈಬರಹದಲ್ಲಿ.

“ಓದಿ ಅಣ್ಣಾ. ಆಮೇಲೆ ರುಜು.”

ಸಂಜೀವಪ್ಪನವರು ಕನ್ನಡಕ ಹಾಕಿಕೊಂಡು ತುಟಿಯಲ್ಲೇ ಓದುತ್ತಾರೆ. ಅರ್ಧಕ್ಕೆ ಬಂದು ನಿಲ್ಲುತ್ತಾರೆ. “ತಿಂಗಳಿಗೆ ಎಂಟು ಗಂಟು ಕೊಡ್ತೀವಿ ಅಂತ ಬರ್ದಿದ್ದೀಯ?”

“ಯಾವಾಗ್ಲೂ ಹಂಗೇ ಬರಿಯೋದು.”

“ಯಾವಾಗ್ಲೂ? ಅಯ್ಯೋ, ಅದಕ್ಕೇನೆ ಎಲ್ರೂ ತಡ ತಡ ಅಂತ ಬೈಯೋದು! ವಾರದಾಗೆ ಎರಡು ದಿನ ಕರೆಂಟೇ ಇರಲ್ವಲ್ಲಮ್ಮ. ಆರು ಅಂತ ಬರಿ.”

ಅನುಸೂಯಮ್ಮ ಹೊಸ ಹಾಳೆ ಏರಿಸಿ, ಇಡೀ ಕಾಗದವನ್ನು ಮತ್ತೆ ಟೈಪು ಮಾಡುತ್ತಾರೆ. ರುಜು ಹಾಕಿ ಸಂಜೀವಪ್ಪನವರು ಹೋದ ಮೇಲೆ, ಅವರು ಪೆನ್ಸಿಲಿನಿಂದ ಎಂಟು ಹೊಡೆದು ಆರು ಮಾಡಿದ ಆ ಕನ್ನಡದ ಹಾಳೆಯನ್ನು ಅನುಸೂಯಮ್ಮ ಕೈಗೆತ್ತಿಕೊಳ್ಳುತ್ತಾರೆ.

ಇನ್ನು ಪ್ರತಿ ಕಾಗದಕ್ಕೂ ಕೈಯಲ್ಲೇ ಕನ್ನಡದ ಪ್ರತಿ ಬರೆಯಬೇಕಲ್ಲವೇ ಎಂದು ಕೇಳಿದರೆ ಬೆರಳು ನೀವಿಕೊಳ್ಳುತ್ತಾರೆ.

“ಕನ್ನಡದ ಟೈಪ್‌ರೈಟರ್ ಒಂದು ಬೇಕು. ಹಳೇದಾದ್ರೂ ಆಗ್ಲಿ. ಇನ್ನೇನೂ ಆಸೆ ಇಲ್ಲ.” ಹಾಳೆಯನ್ನು ಅಖ್ತರ್ ಕಡೆಗೆ ಚಾಚುತ್ತಾರೆ. “ನೋಡ್ದೇನೇ? ಏಳು ವರ್ಷ ಆಯ್ತು. ಇವತ್ತು ಅವರ ಕಾಗದಾನ ಅವರೇ ತಿದ್ದಿದ್ರು.”