ಅವಿಭಕ್ತ ಕುಟುಂಬದ ಶಬ್ದಾರ್ಥ

ಸೇಡಂನ ನಮ್ಮ ಮನೆಯಲ್ಲಿ ಊಟಕ್ಕಿಂತ ಮೊದಲು ಶಬ್ದಾರ್ಥ ಬಡಿಸುತ್ತಿದ್ದರು. ಎಪ್ಪತ್ತರ ದಶಕದ ಮಾತು. ಬಡಿಸುವವರು ನನ್ನ ಮಾವ, ನಿವೃತ್ತ ಕನ್ನಡ ಮಾಸ್ತರರು. ಒಂದಕ್ಕೊಂದು ಕೂಡಿದ್ದನ್ನು ಹೇಳುವ ಶಬ್ದಗಳೆಂದರೆ ಅವರಿಗೆ ಪ್ರಾಣ. ‘ಬೆಸುಗೆ’ ಎಂಬುದು ‘ಬೆಸೆ’ಯಿಂದ ಹುಟ್ಟಿದ ಅಚ್ಚಗನ್ನಡ; ‘ಯೋಗ’ದ ಮೂಲದಲ್ಲಿರುವುದು ಎತ್ತನ್ನು ನೊಗಕ್ಕೆ ಹೂಡುವ ಮಾತು. ಹದಿನಾಲ್ಕು ಜನರ ರೊಟ್ಟಿ ಬಡಿಯುತ್ತಿದ್ದ ನನಗೆ ಆ ಎರಡನೆಯದು ವ್ಯಾಕರಣವಿಲ್ಲದೆಯೇ ತಿಳಿಯುತ್ತಿತ್ತು.

ನನ್ನ ಗಂಡನಿಗೆ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಗುಮಾಸ್ತೆ ಕೆಲಸ. ಎರಡು ಕೋಣೆಯ ಕ್ವಾರ್ಟರ್ಸೂ ಸಿಕ್ಕಿತ್ತು. ರೈಲು ಹತ್ತಿ ಚಿತ್ತಾಪುರ ದಾಟಿದರೆ ಬಂತು. ಆದರೆ ಮದುವೆಯಾಗಿ ಎರಡು ವರ್ಷವಾದರೂ ನಾನು ಅಲ್ಲಿಗೆ ಹೋಗುವಂತಿರಲಿಲ್ಲ. ಹೋದರೆ ಮನೆ ಒಡೆಯುತ್ತದಂತೆ. ಮನೆ ಒಡೆಯಬಾರದೆಂದು ಗಂಡ ಹೆಂಡತಿಯನ್ನು ಬೇರೆ ಮಾಡಿದ್ದರು; ಎಂಥ ಜಾಣತನ! ಅಲ್ಲಿ ಅವರು ಸೀದ ಅನ್ನ ಉಣ್ಣುತ್ತಿದ್ದರು, ಇಲ್ಲಿ ನಾನು ಅವರಪ್ಪನ ವ್ಯಾಖ್ಯಾನ ಉಣ್ಣುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಅವರು ಬಂದಾಗ ಸುತ್ತ ಅಣ್ಣ, ಅತ್ತಿಗೆ, ಮಕ್ಕಳು. ನನ್ನ ಪಾಲಿಗೆ ಒಗೆಯುವ ಅಂಗಿಗಳು ಬರುತ್ತಿದ್ದವು.

“ನಮ್ಮದು ಅವಿಭಕ್ತ ಕುಟುಂಬ” ಎಂದು ಮಾವ ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದರು. ಅವಿಭಕ್ತ ಎಂದರೆ ವಿಭಾಗವಾಗದ್ದು. ಕೂಡಿದ್ದಾರೆಂದು ಆ ಶಬ್ದ ಎಲ್ಲಿಯೂ ಹೇಳುವುದಿಲ್ಲ, ಇನ್ನೂ ಪಾಲಾಗಿಲ್ಲ ಎನ್ನುತ್ತದೆ ಅಷ್ಟೆ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಸಿಟ್ಟು ಮಾತ್ರ ಬೇಕಾದಷ್ಟಿತ್ತು.

ಒಂದು ಮಧ್ಯಾಹ್ನ ಮಾವ ಊಟಕ್ಕೆ ಕೂತಿದ್ದರು. ತುಪ್ಪ ಬಡಿಸುತ್ತ ಕೇಳಿಯೇ ಬಿಟ್ಟೆ: “ದಂಪತಿ ಅಂದ್ರ ಏನ್ರಿ?”

ಅವರ ಮುಖ ಅರಳಿತು. “ಭಾಳ ಛಲೋ ಕೇಳ್ದಿ. ‘ದಂ’ ಅಂದ್ರ ಮನಿ, ‘ಪತಿ’ ಅಂದ್ರ ಒಡೆಯ. ಮನಿಗಿ ಒಡೆಯರಾದ ಇಬ್ಬರು. ವೇದದಾಗಿನ ಶಬ್ದ ಅದು.”

“ಹಂಗಾದ್ರ ನಾವಿಬ್ಬರು ಒಡೆಯರಾದ ಮನಿ ಎಲ್ಲದ ರೀ?”

ಮಾವ ಎತ್ತಿದ ತುತ್ತನ್ನು ಮತ್ತೆ ಎಲೆಗೆ ಇಳಿಸಿದರು. ಅಷ್ಟರಲ್ಲಿ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಗಂಡನೆದುರು ಅವರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

“ವಾಡ್ಯಾಗ ಅದ” ಎಂದರು. “ನಾಳಿ ಮುಂಜಾನಿ ಗಾಡಿಗಿ ಆಕಿ ಹೋಗ್ತಾಳ. ರೊಟ್ಟಿ ನಾ ಬಡೀತೀನಿ.” ಆಮೇಲೆ ನನ್ನ ಕಡೆ ತಿರುಗಿ, “ನಲವತ್ತು ವರ್ಷ ಆತವ್ವ, ನನಗ ಇದನ್ನ ಕೇಳ್ಲಿಕ್ಕ ಧೈರ್ಯ ಆಗ್ಲಿಲ್ಲ” ಎಂದರು.

ಗೆದ್ದೆನೆಂದು ಹಿಗ್ಗಬೇಕಾಗಿದ್ದ ನಾನು ಅತ್ತೆಯ ಮುಖ ನೋಡಿ ಅತ್ತುಬಿಟ್ಟೆ.