ಜ್ಯೇಷ್ಠಮಧು ಹಚ್ಚಿದ ಬದನೆಕಾಯಿ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಬ್ಯಾಡಗಿಯಿಂದ ರಾಣೆಬೆನ್ನೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ. ಗುತ್ತಲದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತಾರೆಂಬ ಸುದ್ದಿ ಬಂದದ್ದೇ ತಡ, ನನ್ನ ಮುಖಕ್ಕೆ ಶನಿ ಹಿಡಿಯಿತು. ಅವ್ವ ಹಾವೇರಿಗೆ ಹೋಗಿ ಜ್ಯೇಷ್ಠಮಧುವಿನ ಬೇರು ತಂದಳು. ಅದನ್ನು ಹಾಲಿನಲ್ಲಿ ತೇಯ್ದು ಬಟ್ಟಲಿಗೆ ಹಾಕಿಕೊಂಡು ದಿನಾ ಸಂಜೆ ನನ್ನ ಮುಖಕ್ಕೆ ಬಳಿಯುವಳು. ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆ ಕೂಡಬಾರದು, ನೆರಳಿನ ಸೀಟು ಸಿಗದಿದ್ದರೆ ನಿಂತೇ ಹೋಗಬೇಕು ಎಂದು ತಾಕೀತು ಬೇರೆ. ನಾನು ಹುಟ್ಟಾ ಕಪ್ಪು. ನಿಂತು ಹೋದರೆ ಕಾಲು ನೋಯುತ್ತಿತ್ತೇ ಹೊರತು ಬಣ್ಣ ಕದಲುತ್ತಿರಲಿಲ್ಲ.

ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ತರಗತಿಯಲ್ಲಿ ಕಲಿತದ್ದನ್ನು ತೋರಿಸಿ ಅವ್ವನ ಬಾಯಿ ಮುಚ್ಚಿಸಬೇಕೆಂದುಕೊಂಡೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು ಒಂದು ಕಿಣ್ವದಿಂದ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಟೈರೋಸಿನೇಸ್ ಕಿಣ್ವವೂ ಅದರ ಬಳಗದ್ದೇ. ಜ್ಯೇಷ್ಠಮಧುವಿನಲ್ಲಿರುವ ಗ್ಲಾಬ್ರಿಡಿನ್ ಎಂಬ ವಸ್ತು ಆ ಕಿಣ್ವದ ಕೈ ಕಟ್ಟುತ್ತದೆ. ಆದರೆ ಹೋಳು ಕಪ್ಪಾಗದಂತೆ ತಡೆಯುವುದು ಬೇರೆ, ಹುಟ್ಟುಬಣ್ಣ ತೆಗೆಯುವುದು ಬೇರೆ ಎಂದು ತಿಳಿಸಿ ಹೇಳುವುದು ನನ್ನ ಉದ್ದೇಶ. ಎರಡು ಹೋಳು ಕತ್ತರಿಸಿ ಒಂದಕ್ಕೆ ಮಾತ್ರ ತೇಯ್ದ ಬೇರು ಹಚ್ಚಿಟ್ಟೆ. ಸ್ವಲ್ಪ ಹೊತ್ತಿಗೆ ಹಚ್ಚದ ಹೋಳು ಕಪ್ಪಿಟ್ಟಿತು, ಹಚ್ಚಿದ್ದನ್ನು ಒರೆಸಿದರೆ ಬೆಳ್ಳಗೇ ಇತ್ತು. ಮುಂದಿನ ಮಾತು ಕೇಳುವ ವ್ಯವಧಾನ ಅವ್ವನಿಗೆಲ್ಲಿ?

“ಬದನಿಕಾಯಿನ ಬೆಳ್ಳಗ ಉಳದೈತಿ, ನೀ ಆಗಂಗಿಲ್ಲೇನ?” ಎಂದವಳು ಮರುದಿನದಿಂದ ಬೆಳಿಗ್ಗೆಯೂ ಹಚ್ಚತೊಡಗಿದಳು.

ಕೈಯಾರೆ ಕೆಲಸ ಕೆಡಿಸಿಕೊಂಡಿದ್ದೆ. ಖರೇ ಹೇಳಬೇಕೆಂದರೆ, ಅವಳು ಆಚೆ ಹೋದಾಗ ನಾನೂ ಆಸೆಯಿಂದ ಕನ್ನಡಿ ನೋಡಿಕೊಳ್ಳುತ್ತಿದ್ದೆ. ಏನೂ ಆಗಿರುತ್ತಿರಲಿಲ್ಲ. ಅಳು ಬರುತ್ತಿತ್ತು.

ಅದು ಮೆಣಸಿನಕಾಯಿಯ ಸುಗ್ಗಿ. ಅವ್ವ ಹಗಲೆಲ್ಲ ನಮ್ಮ ಅಂಗಡಿಯಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುವಳು. ಕಾಯಿ ಹೊಳೆಯಲೆಂದು ಎಣ್ಣೆ ಸವರಿ ಮಾರುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಒಂದು ಸಂಜೆ ಅಂಗೈಗಳು ಕೆಂಪಗಾಗಿ ಉರಿಯುತ್ತಿದ್ದವು, ಬೇರು ತೇಯಲೂ ಆಗದೆ ಕೂತುಬಿಟ್ಟಳು. ಉರಿ ತಣಿಸುವ ಗುಣವೂ ಆ ಬೇರಿಗಿದೆ ಎಂದು ಓದಿದ್ದೆ. ನಾನೇ ತೇಯ್ದು ಅವಳ ಎರಡೂ ಅಂಗೈಗೆ ಹಚ್ಚಿದೆ. ಬೆಳಿಗ್ಗೆ ಉರಿ ಇಳಿದು ಅವಳು ರೊಟ್ಟಿ ಬಡಿಯುವ ಸದ್ದಿಗೇ ನನಗೆ ಎಚ್ಚರವಾಯಿತು. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು, ಬಟ್ಟಲು ಮಾತ್ರ ಕೈಗೆತ್ತಿಕೊಳ್ಳಲಿಲ್ಲ.

ಗುತ್ತಲದವರು ಬಂದರು. ಚಹಾ ಕುಡಿದ ಮೇಲೆ ಹುಡುಗನ ತಾಯಿ, ಹುಡುಗಿಯ ಬಣ್ಣ ಸ್ವಲ್ಪ ಕಡಿಮೆ, ಏನಾದರೂ ಹಚ್ಚಿ ನೋಡಿ, ಬೇಸಿಗೆ ಕಳೆಯಲಿ, ಮತ್ತೊಮ್ಮೆ ಬರುತ್ತೇವೆ ಎಂದರು. ಇನ್ನು ನನಗೆ ಮತ್ತೆ ಆ ಬಟ್ಟಲೇ ಗತಿ ಎಂದುಕೊಂಡೆ. ಅವ್ವ ಎಲೆ ಅಡಿಕೆಯ ತಟ್ಟೆಯನ್ನು ಅವರ ಮುಂದಿಟ್ಟಳು.

“ಎಣ್ಣಿ ಹಚ್ಚಿ ಬಣ್ಣ ತೋರಸೋದು ನಾವು ಮೆಣಸಿನಕಾಯಿಗೂ ಮಾಡಂಗಿಲ್ರಿ. ನನ್ನ ಮಗಳು ಇರೋದ ಹಿಂಗ್ರಿ,” ಎಂದಳು.

ಆ ಸಂಬಂಧ ಅಲ್ಲಿಗೇ ನಿಂತಿತು, ನನ್ನ ಓದು ನಿಲ್ಲಲಿಲ್ಲ. ಮರುದಿನ ಚೀಲ ಹೆಗಲಿಗೇರಿಸಿ ಹೊರಟಾಗ ಅವ್ವ ಬಾಗಿಲಿಗೆ ಬಂದಳು.

“ಬಿಸಲ ಕಡೆ ಸೀಟ ಸಿಕ್ರೂ ಕುಂದ್ರು. ನಿಂತು ಹೋಗಬ್ಯಾಡ.”

ನನಗೆ ಖುಷಿ ತಡೆಯಲಾಗಲಿಲ್ಲ. ಮೋಟೆಬೆನ್ನೂರು ದಾಟಿದ ಮೇಲೂ ಕಿಟಕಿಯ ಬಿಸಿಲಿಗೆ ಮುಖ ಕೊಟ್ಟೇ ಕೂತಿದ್ದೆ.