ಅಮ್ಮನ ಗಿಳಿ

ಗೋಡೆ ಒಡೆಯುವ ಆ ವಿಡಿಯೋ ಗೇಮಿನ ಕೊನೆಗೆ ಗಿಳಿಯೊಂದು ಬರುತ್ತದೆ ಎಂದು ಅಮ್ಮ ಹೇಳಿದ್ದನ್ನು ನಮ್ಮ ಸಹಕಾರನಗರದ ಮನೆಯಲ್ಲಿ ಯಾರೂ ನಂಬಿರಲಿಲ್ಲ. ಅಪ್ಪ ಕಾರ್ಖಾನೆಗೆ, ನಾನು ಶಾಲೆಗೆ ಹೋದ ಮೇಲೆ ಕೂತು ಆಡಿ ಮುಗಿಸಿದವಳು ಅವಳೊಬ್ಬಳೇ. "ಗಿಳಿ ಬಂತಾ? ಸೀಬೆಹಣ್ಣು ಕೊಟ್ಯಾ?" ಎಂದು ಅಪ್ಪ ಇಪ್ಪತ್ತು ವರ್ಷ ರೇಗಿಸಿದರು. ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ.

ಟಿವಿಗೆ ಸಿಕ್ಕಿಸುವ ಗೇಮ್ ಸೆಟ್ ಕೆಟ್ಟಿತೆಂದು ಮೂಲೆಗೆ ಬಿದ್ದು ಎಷ್ಟೋ ಕಾಲವಾಗಿತ್ತು. ಈ ವರ್ಷ ಅದೇ ಆಟವನ್ನು ಇಂಟರ್‌ನೆಟ್‌ನಿಂದ ಇಳಿಸಿ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟೆ. ಅಮ್ಮ ಕೊನೆಯವರೆಗೂ ಆಡಿದಳು. ಗಿಳಿ ಬರಲಿಲ್ಲ. ಅಪ್ಪ ಸುಮ್ಮನೆ ಕೆಮ್ಮಿದರು.

"ಇದು ಬೇರೆ ಕಣೋ. ನಮ್ದು ಆರ್.ಟಿ. ನಗರದಲ್ಲಿ ತಂದಿದ್ದು," ಎಂದಳು. ದನಿ ಸಣ್ಣಗಾಗಿತ್ತು. ನನಗೆ ನಾಚಿಕೆಯಾಯಿತು.

ಆಗಿನ ನಕಲಿ ಕ್ಯಾಸೆಟ್ಟುಗಳಲ್ಲಿ ಆಟವನ್ನು ಅಲ್ಲಲ್ಲಿ ಬದಲಿಸಿರುತ್ತಿದ್ದರಂತೆ. ಅಟ್ಟದಿಂದ ಆ ಸೆಟ್ಟಿಗೆ ಸಿಕ್ಕಿಸುತ್ತಿದ್ದ ಹಳೇ ಗೇಮ್ ಕ್ಯಾಸೆಟ್ ಇಳಿಸಿದೆ. ಅದರೊಳಗಿನ ಚಿಪ್ಪನ್ನು ಓದಿ ಕಂಪ್ಯೂಟರಿಗೆ ಫೈಲು ಮಾಡಿಕೊಡುವ ಸಣ್ಣ ಸಾಧನ ತರಿಸಿದೆ. ಎರಡು ಸಲ ಓದಿಸಬೇಕು, ಎರಡು ಫೈಲೂ ಒಂದೇ ಆಗಿದ್ದರೆ ಮಾತ್ರ ನಂಬಬೇಕು. ನನಗೆ ಹತ್ತು ಸಲವೂ ಹತ್ತು ಥರ ಬಂತು. ಚಿಪ್ ಸತ್ತಿದೆ ಎಂದು ತಲೆ ಚಚ್ಚಿಕೊಂಡೆ.

ಕಾಫಿ ತಂದ ಅಮ್ಮ ಇಣುಕಿ ನೋಡಿದಳು. "ಅದರ ಬಾಯಿ ಒರೆಸಿದ್ಯೇನೋ? ಆಯುಧಪೂಜೆಗೆ ಅಲ್ಲಿಗೂ ಕುಂಕುಮ ಇಡ್ತಿದ್ದೆ."

ಸ್ಕೂಟರಿಗೆ, ಮಿಕ್ಸಿಗೆ ಇಟ್ಟ ಹಾಗೆ ವರ್ಷವರ್ಷವೂ ಇದಕ್ಕೂ. ಸೆಟ್ಟಿಗೆ ಸಿಕ್ಕಿಸುವ ತುದಿಯ ಲೋಹದ ಪಟ್ಟಿಗಳ ಮೇಲೆ, ತುಕ್ಕೆಂದುಕೊಂಡು, ಉಜ್ಜಿದರೆ ಲೋಹವೇ ಕಿತ್ತು ಬಂದೀತೆಂದು ನಾನು ಮುಟ್ಟದೆ ಬಿಟ್ಟಿದ್ದ ಕೆಂಪು ಅದೇ. ಸೆಟ್ಟಾದರೂ ನಿಜವಾಗಿ ಕೆಟ್ಟಿತ್ತೋ ಇಲ್ಲವೋ, ದೇವರಿಗೇ ಗೊತ್ತು. ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿ, ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಎರಡು ಸಲ ಓದಿಸಿದೆ. ಎರಡೂ ಒಂದೇ. ನಂಬಿಕೆ ಸಾಲದೆ ಮೂರನೆಯದನ್ನೂ ಓದಿಸಿದೆ, ಅದೂ ಅದೇ.

ಆ ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ; ಭಾನುವಾರ ತಿಂಡಿ ಮುಗಿಸಿ ಅಮ್ಮ ಆಡಲು ಕೂತಳು. ನಡುವೆ ಆಟ ಉಳಿಸಿಟ್ಟು ಮುಂದುವರಿಸಬಹುದು ಎಂದರೆ, "ಅದೇನ್ ಆಟ ಅದು?" ಎಂದು ಗದರಿದಳು. ಎರಡು ಸಲ ಸೋತಳು. ಊಟದ ಹೊತ್ತಿಗೆ ಕೊನೆಯ ಗೋಡೆ ಒಡೆದು ಪರದೆ ಕಪ್ಪಾಯಿತು. ಎಡಗಡೆಯಿಂದ ಚೌಕಚೌಕವಾದ ಹಸಿರು ಗಿಳಿಯೊಂದು ಹಾರಿ ಬಂದು, ಒಡೆದ ಗೋಡೆಯ ಮೇಲೆ ಕೂತಿತು.

ನಾನು ಕುಣಿದುಬಿಟ್ಟೆ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಮ್ಮ ಗಿಳಿಯನ್ನು ನೋಡುತ್ತಿರಲಿಲ್ಲ, ಅವರನ್ನೇ ನೋಡುತ್ತಿದ್ದಳು.

"ಏನ್ರೀ, ಫ್ರಿಜ್ಜಲ್ಲಿ ಸೀಬೆಹಣ್ಣಿದೆ. ತಂದ್ಕೊಡಿ."

ಅಪ್ಪ ಎದ್ದು ಹೋಗಿ ತಂದರು.